ಮೊದಲು ಬಸವನಹುಳು, ಆಮೇಲೆ ಮೀನು

(ಬೆಂಗಳೂರಿನಲ್ಲಿ ಅಕ್ವೇರಿಯಂ ಹವ್ಯಾಸಿಗಳ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೇಳಿದವರ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಪೀ ಪಫರ್ ಅಂದರೆ ಹೆದರಿದಾಗ ಮೈ ಉಬ್ಬಿಸುವ ಪಫರ್ ಕುಲದ ಒಂದು ಪುಟಾಣಿ ಮೀನು. ಅದು ಡಬ್ಬಿಯಲ್ಲಿ ಬರುವ ಕಾಳು ತಿನ್ನುವ ಮೀನಲ್ಲ. ಬೆಳಗ್ಗೆ ಆಫೀಸಿಗೆ ಓಡುವಾಗ ಒಂದು ಚಿಟಿಕೆ ಉದುರಿಸಿ ಹೋದರೆ ಆಯಿತು ಅನ್ನುವವರಿಗೆ ಗಪ್ಪಿ ಇದೆ, ಮೊಲ್ಲಿ ಇದೆ. ಅವೂ ಚೆಂದದ ಮೀನುಗಳೇ. ಹಾಗೆ ಅಂದುಕೊಂಡು ಬಂದಿದ್ದರೆ ಹಿಂದೆ ಚಹಾ ಇಟ್ಟಿದ್ದಾರೆ, ಆರಾಮಾಗಿ ಕುಡಿಯಿರಿ. ಉಳಿದವರು ಹೀಗೆ ಮುಂದೆ ಬನ್ನಿ.

ನಾನು ಹೇಳಹೊರಟಿರುವ ಮೀನು ಯಾವುದೋ ದೇಶದ್ದಲ್ಲ. ಪಶ್ಚಿಮ ಘಟ್ಟದ ಹೊಳೆಗಳದ್ದು. 1941ರಲ್ಲಿ ಹೋರಾ ಮತ್ತು ನಾಯರ್ ಎಂಬ ಇಬ್ಬರು ವಿಜ್ಞಾನಿಗಳು ಕೇರಳದ ಪಂಪಾ ನದಿಯ ಮೀನು ನೋಡಿ ಇದಕ್ಕೆ ಹೆಸರಿಟ್ಟರು. ಈಗಿನ ಪೂರ್ತಿ ಹೆಸರು ಕ್ಯಾರಿನೊಟೆಟ್ರಾಡಾನ್ ಟ್ರಾವನ್‌ಕೋರಿಕಸ್. ಬಾಯಿ ತಿರುಗದಿದ್ದರೆ ಬಿಡಿ, ಅಂಗಡಿಯಲ್ಲಿ ಪೀ ಪಫರ್ ಅಂದರೆ ಸಾಕು. ಕೇರಳ ಮತ್ತು ದಕ್ಷಿಣ ಕರ್ನಾಟಕ ಬಿಟ್ಟರೆ ಇದು ತಾನಾಗಿ ಬದುಕುವ ಜಾಗ ಲೋಕದಲ್ಲಿ ಬೇರೆ ಇಲ್ಲ. ಪೂರ್ತಿ ಸಿಹಿನೀರಿನ ಮೀನು, ಉಪ್ಪು ಬೇಕಿಲ್ಲ. ಚೆನ್ನಾಗಿ ಬೆಳೆದರೂ ಮೂರು ಸೆಂಟಿಮೀಟರಿನ ಆಸುಪಾಸು. ಜಗತ್ತಿನ ಅತಿ ಚಿಕ್ಕ ಪಫರ್‌ಗಳಲ್ಲಿ ಇದೂ ಒಂದು. 1999ರಲ್ಲಿ ಇದನ್ನೇ ಹೋಲುವ ಘಟ್ಟದ ಇನ್ನೊಂದು ಜಾತಿಗೂ ವಿಜ್ಞಾನಿಗಳು ಬೇರೆ ಹೆಸರು ಕೊಟ್ಟಿದ್ದಾರೆ. ಎರಡನ್ನೂ ಸಾಕುವ ಕ್ರಮ ಒಂದೇ, ಹಾಗಾಗಿ ಆ ಗೊಡವೆ ಇವತ್ತು ಬೇಡ.

ಅಂಗಡಿಯಲ್ಲಿ ಬೇರೆ ಪಫರ್‌ಗಳೂ ಕಾಣುತ್ತವೆ. ಹಸಿರು ಮೈಯ ಮೇಲೆ ಕಪ್ಪು ಚುಕ್ಕೆಯದ್ದು ಒಂದಿದೆ. ಚಿಕ್ಕದಿದ್ದಾಗ ಮುದ್ದಾಗಿರುತ್ತದೆ. ಅದು ಅರ್ಧ ಅಡಿ ಬೆಳೆಯುತ್ತದೆ, ಬೆಳೆದ ಹಾಗೆ ಉಪ್ಪುನೀರು ಕೇಳುತ್ತದೆ. ಅಡುಗೆ ಉಪ್ಪಲ್ಲ, ಸಮುದ್ರದ ಮೀನಿಗೆಂದೇ ಮಾರುವ ಉಪ್ಪು. "ಸಿಹಿನೀರಲ್ಲೂ ಇರುತ್ತೆ ಸಾರ್" ಎಂದು ಮಾರುತ್ತಾರೆ. ಇರುತ್ತದೆ, ಸ್ವಲ್ಪ ದಿನ. ಆಫ್ರಿಕಾದ ಎಂಬು ಪಫರ್ ಅಂತೂ ಎರಡು ಅಡಿ ದಾಟುತ್ತದೆ. ಅದಕ್ಕೆ ಟ್ಯಾಂಕ್ ಸಾಲದು, ಒಂದು ಕೋಣೆಯನ್ನೇ ಬಿಟ್ಟುಕೊಡಬೇಕು.

ಈಗ ಪೀ ಪಫರ್ ಹೇಗೆ ತಿನ್ನುತ್ತದೆ ಅನ್ನುವುದನ್ನು ನೋಡೋಣ. ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಗಾಜಿನ ಮೇಲೆ ಒಂದು ಸಣ್ಣ ಬಸವನಹುಳು ಹರಿಯುತ್ತಿದೆ ಅಂದುಕೊಳ್ಳಿ. ಮೀನು ಗಿಡದ ಸಂದಿಯಿಂದ ಬರುತ್ತದೆ. ಆತುರ ಇಲ್ಲ. ಹುಳುವಿನಿಂದ ಒಂದು ಬೆರಳಿನಷ್ಟು ದೂರದಲ್ಲಿ ನೀರಲ್ಲೇ ನಿಂತುಬಿಡುತ್ತದೆ. ಎದೆಯ ಪಕ್ಕದ ರೆಕ್ಕೆಗಳು ಮಾತ್ರ ಫರಫರ ಆಡುತ್ತಿರುತ್ತವೆ. ಇದರ ಎರಡು ಕಣ್ಣು ಬೇರೆ ಬೇರೆಯಾಗಿ ತಿರುಗುತ್ತವೆ. ಒಂದು ಕಣ್ಣು ಹುಳುವಿನ ಮೇಲೆ ಇದ್ದರೆ ಇನ್ನೊಂದು ನಿಮ್ಮ ಮೇಲೆ. ಆಮೇಲೆ ತಲೆ ಸ್ವಲ್ಪ ವಾಲುತ್ತದೆ, ಬಾಲ ಒಂದು ಪಕ್ಕಕ್ಕೆ ಮಡಚುತ್ತದೆ. ಹುಳು ಚಿಪ್ಪಿನಿಂದ ಮೈ ಹೊರಗೆ ಚಾಚುವುದನ್ನೇ ಕಾಯುತ್ತದೆ. ಚಾಚಿದ ಕೂಡಲೇ ಟಕ್ ಅಂತ ಒಂದು ಕಚ್ಚು. ಮೆತ್ತನೆ ಭಾಗ ಬಾಯಿಗೆ, ಚಿಪ್ಪು ಮರಳಿಗೆ. ತೀರಾ ಸಣ್ಣ ಹುಳುವಾದರೆ ಚಿಪ್ಪಿನ ಸಮೇತ ಕಡಿದು ಹಾಕುತ್ತದೆ. ರಾತ್ರಿ ಮನೆ ಸದ್ದಿಲ್ಲದಿದ್ದರೆ ಆ ಕಟಕ್ ಶಬ್ದ ಕೆಲವೊಮ್ಮೆ ಕೇಳಿಸುತ್ತದೆ.

ಇದು ಬೇಟೆಯ ಮೀನು. ಹೊಳೆಯಲ್ಲಿ ದಿನವಿಡೀ ಎಲೆ ಸಂದಿ, ಬೇರಿನ ಸಂದಿ ಹುಡುಕುತ್ತಾ ಹುಳುಹುಪ್ಪಟೆ ಹೆಕ್ಕಿ ತಿನ್ನುತ್ತದೆ. ಬರಿಯ ಗಾಜಿನ ಬಟ್ಟಲಲ್ಲಿ ಇಟ್ಟರೆ ಹುಡುಕಲು ಏನೂ ಇಲ್ಲ. ಗಾಜಿನ ಉದ್ದಕ್ಕೂ ಮೇಲೆ ಕೆಳಗೆ, ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ಅದನ್ನು ನೋಡಿ ಮನೆಗೆ ಬಂದವರು "ಎಷ್ಟು ಚುರುಕಾಗಿದೆ" ಅನ್ನುತ್ತಾರೆ. ಚುರುಕಲ್ಲ ಅದು, ಪಾಪ, ದಿಕ್ಕು ತೋಚದೆ ಅಲೆಯುವುದು.

ಹಾಗಾಗಿ ನನ್ನ ಲೆಕ್ಕ ಹೀಗೆ: ಮೊದಲು ನೀರು ಹದ ಮಾಡಿ, ಗಿಡ ಬೆಳೆಸಿ, ಬಸವನಹುಳು ಸಾಕಿ. ಮೀನು ಕೊನೆಗೆ.

ಟ್ಯಾಂಕ್ ಎಷ್ಟು ದೊಡ್ಡದು ಬೇಕು? ಒಂದೇ ಮೀನಾದರೆ ಒಂದೂವರೆ ಅಡಿಯ ಟ್ಯಾಂಕ್ ನಡೆಯುತ್ತದೆ. ಆರು ಮೀನಿನ ಗುಂಪಾದರೆ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ಅಂದರೆ ಸುಮಾರು 55 ಲೀಟರ್. ಅದಕ್ಕಿಂತ ದೊಡ್ಡದಾದರೆ ಇನ್ನೂ ಒಳ್ಳೆಯದು. ಗಾಜು, ಮರಳು, ನೀರು ಎಲ್ಲ ಸೇರಿ ಇದು 60 ಕೆಜಿ ದಾಟುತ್ತದೆ. ಟಿವಿ ಸ್ಟ್ಯಾಂಡಿನ ಮೇಲೆ ಇಡಬೇಡಿ. ಗಟ್ಟಿ ಟೇಬಲ್ ಬೇಕು, ಕೆಳಗೆ ಒಂದು ಥರ್ಮಕೋಲ್ ಹಾಳೆ ಹಾಕಿ. ಕಿಟಕಿ ಬಿಸಿಲು ನೇರ ಬೀಳುವ ಕಡೆ ಇಟ್ಟರೆ ಪಾಚಿಯ ಜೊತೆಗೇ ಜೀವನ ಮಾಡಬೇಕಾಗುತ್ತದೆ.

ಇಲ್ಲೇ ಒಬ್ಬರು ಕೇಳಿದರು: "ಜೋಡಿ ತಂದರೆ ಆಗಲ್ವಾ? ಒಂದೇ ಆದರೆ ಅದಕ್ಕೆ ಬೇಜಾರು."

ಎರಡು ತರುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ ಸಾರ್. ಎರಡರಲ್ಲಿ ಬಲವಾದದ್ದು ಇನ್ನೊಂದರ ಬೆನ್ನು ಬಿಡುವುದಿಲ್ಲ. ಒಂದು ತನ್ನಿ, ಇಲ್ಲವೇ ಆರಾದರೂ ತನ್ನಿ. ಗುಂಪಿನಲ್ಲಿ ಜಗಳ ಹಂಚಿಹೋಗುತ್ತದೆ. ಗಂಡು ಕಡಿಮೆ, ಹೆಣ್ಣು ಜಾಸ್ತಿ ಇರಬೇಕು. ಬಲಿತ ಗಂಡಿಗೆ ಹೊಟ್ಟೆಯ ಕೆಳಗೆ ಉದ್ದಕ್ಕೆ ಒಂದು ಕಪ್ಪು ಗೆರೆ ಇರುತ್ತದೆ, ಕಣ್ಣಿನ ಹಿಂದೆ ಹೊಳೆಯುವ ಸುಕ್ಕುಗೆರೆ ಕಾಣುತ್ತವೆ. ಹೆಣ್ಣು ಇನ್ನಷ್ಟು ಗುಂಡಗೆ. ತೊಂದರೆ ಏನೆಂದರೆ, ಅಂಗಡಿಯಲ್ಲಿ ಸಿಗುವುದು ಬಹುಪಾಲು ಮರಿಗಳು. ಅವುಗಳಲ್ಲಿ ಗಂಡು ಹೆಣ್ಣು ಹೇಳುವುದು ಕಷ್ಟ. ಆಮೇಲೆ ಹೆಚ್ಚಾದ ಗಂಡನ್ನು ಬೇರೆ ಟ್ಯಾಂಕಿಗೆ ಹಾಕಬೇಕಾದೀತು. ಅದಕ್ಕೆ ತಯಾರಿಲ್ಲದಿದ್ದರೆ ಒಂದೇ ಸಾಕಿ. ಒಂಟಿ ಪಫರ್ ಆರಾಮಾಗಿಯೇ ಇರುತ್ತದೆ. ಬೇಜಾರು ಆಗುವುದು ಗಿಡ ಇಲ್ಲದಿದ್ದರೆ.

ಬೇರೆ ಜಾತಿ ಮೀನಿನ ಜೊತೆ ಬಿಡಬಹುದಾ? ನಾನು ಬೇಡ ಅನ್ನುತ್ತೇನೆ. ಕೆಲವರು ಬಿಟ್ಟು ಸೈ ಅನಿಸಿಕೊಂಡಿದ್ದಾರೆ, ನಿಜ. ಆದರೆ ಇದು ಬೇರೆ ಮೀನಿನ ರೆಕ್ಕೆ ಚಿವುಟುವ ಪ್ರಾಣಿ. ಉದ್ದ ರೆಕ್ಕೆಯ ಫೈಟರ್ ಮೀನನ್ನು ಇದರ ಜೊತೆ ಹಾಕಿದರೆ ವಾರದಲ್ಲಿ ಆ ರೆಕ್ಕೆ ಚಿಂದಿ.

ಇನ್ನು ನೀರು. ಮೀನಿನ ಉಚ್ಚೆ, ಹೇಲು, ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಷ್ಟು ಅಪಾಯವಿಲ್ಲ, ಗಿಡ ಹೀರಿಕೊಳ್ಳುತ್ತದೆ, ಉಳಿದದ್ದು ನೀರು ಬದಲಿಸಿದಾಗ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿನಲ್ಲಿ ಇರುವುದಿಲ್ಲ. ಫಿಲ್ಟರ್ ಸ್ಪಾಂಜಿನಲ್ಲಿ, ಮರಳಿನಲ್ಲಿ ನಿಧಾನಕ್ಕೆ ಕೂರುತ್ತವೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಗೆಳೆಯರ ಹಳೆ ಟ್ಯಾಂಕಿನ ಸ್ಪಾಂಜಿನ ತುಂಡು ಸಿಕ್ಕರೆ ಬೇಗ ಆಗುತ್ತದೆ. ಇಲ್ಲದಿದ್ದರೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿ, ಫಿಲ್ಟರ್ ಓಡಿಸುತ್ತಾ 4ರಿಂದ 6 ವಾರ ಕಾಯಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಸ್ವಲ್ಪ ತೋರಿಸಿದರೆ ನೀರು ಹದಕ್ಕೆ ಬಂದಿದೆ. ಟೆಸ್ಟ್ ಕಿಟ್ ದುಬಾರಿ ಅಂತ ಗೊಣಗುತ್ತೀರಿ, ಗೊತ್ತು. ಅದಿಲ್ಲದೆ ಈ ಮೀನು ಸಾಕುವುದು ಕಣ್ಣು ಮುಚ್ಚಿ ರಸ್ತೆ ದಾಟುವ ಕೆಲಸ. ಪಫರ್‌ಗೆ ಬೇರೆ ಮೀನಿನ ಹಾಗೆ ಮೈಮೇಲೆ ಹುರುಪೆ ಇಲ್ಲ. ಕೆಟ್ಟ ನೀರು ಇದಕ್ಕೆ ಬೇಗ ತಾಗುತ್ತದೆ.

ಎಲ್ಲರ ಮನೆ ನೀರೂ ಒಂದೇ ಅಲ್ಲ. ಬೆಂಗಳೂರಿನ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಆಂಟಿ ಕ್ಲೋರಿನ್ ಹಾಕದೆ ಟ್ಯಾಂಕಿಗೆ ಸುರಿಯಬೇಡಿ. ಮೀನಿಗೂ ಕೆಡುಕು, ನೀವು ಅಷ್ಟು ದಿನ ಕಾದು ಬೆಳೆಸಿದ ಬ್ಯಾಕ್ಟೀರಿಯಾಗೂ ಕೆಡುಕು. ಬೋರ್‌ವೆಲ್ ನೀರು ಗಡಸು. ಪೀ ಪಫರ್ ಗಡಸು ನೀರಿಗೆ ಒಗ್ಗಿಕೊಳ್ಳುತ್ತದೆ, ಬಸವನಹುಳುವಿನ ಚಿಪ್ಪಿಗಂತೂ ಅದರ ಸುಣ್ಣ ಬೇಕೇ ಬೇಕು. ಆದರೆ ಗಡಸು ನೀರಿನ ಪಿಎಚ್, ಅಂದರೆ ಕ್ಷಾರಗುಣದ ಅಳತೆ, ಸಾಮಾನ್ಯವಾಗಿ ಜಾಸ್ತಿ. ಪಿಎಚ್ ಜಾಸ್ತಿ ಇರುವ ನೀರಿನಲ್ಲಿ ಅಮೋನಿಯಾದ ವಿಷವೂ ಜಾಸ್ತಿ. ಬೋರ್‌ವೆಲ್ ನೀರಿನವರು ಆಹಾರ ಕೊಳೆಯಲು ಬಿಡಲೇಬಾರದು. ಕರಾವಳಿಯ ಕೆಂಪುಕಲ್ಲಿನ ಬಾವಿ ನೀರು ಮೆದು. ಅಲ್ಲಿ ಹುಳುಗಳ ಚಿಪ್ಪು ಬೆಳ್ಳಗಾಗಿ, ಸವೆದು, ತೂತು ಬೀಳುತ್ತದೆ. ಹಕ್ಕಿಗಳಿಗೆ ಇಡುವ ಕಟ್ಲ್ ಮೀನಿನ ಮೂಳೆ ಸಿಗುತ್ತದಲ್ಲ, ಅದರ ಒಂದು ತುಂಡು ನೀರಿಗೆ ಹಾಕಿ. ಬರಿಯ ಆರ್‌ಒ ನೀರು ಬೇಡ. ಅದರಲ್ಲಿ ಏನೂ ಇರುವುದಿಲ್ಲ.

ಬಿಸಿ 22ರಿಂದ 28 ಡಿಗ್ರಿ ಸಾಕು. ಮಂಗಳೂರು, ಉಡುಪಿಯವರಿಗೆ ಹೀಟರ್ ದಂಡ. ಬೆಂಗಳೂರು, ಮೈಸೂರು, ಮಡಿಕೇರಿಯ ಡಿಸೆಂಬರ್ ರಾತ್ರಿಗಳಿಗೆ 50 ವಾಟ್‌ನ ಹೀಟರ್ ಇರಲಿ. ರಾಯಚೂರು, ಕಲಬುರಗಿ ಕಡೆಯವರ ಕಷ್ಟ ತದ್ವಿರುದ್ಧ. ಅಲ್ಲಿ ಬೇಸಿಗೆಯಲ್ಲಿ ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಗಾಳಿ ಆಡಿಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ನೀರು ಆರಿ ಕಡಿಮೆಯಾದದ್ದನ್ನು ತುಂಬುತ್ತಿರಿ.

ಫಿಲ್ಟರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಏರ್ ಪಂಪಿಗೆ ಜೋಡಿಸುವ ಸ್ಪಾಂಜ್ ಫಿಲ್ಟರ್ ಸಾಕು. ರಭಸದ ನೀರಿನಲ್ಲಿ ಈಜುವ ಮೈಕಟ್ಟು ಈ ಮೀನಿನದಲ್ಲ. ಪಂಪಿನ ವಿಷಯದಲ್ಲಿ ಒಂದು ಎಚ್ಚರ ಮಾತ್ರ ಯಾರೂ ಹೇಳುವುದಿಲ್ಲ. ಅದು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ನುಗ್ಗಿಸುತ್ತದೆ. ಜಿರಳೆ ಸ್ಪ್ರೇ, ಸೊಳ್ಳೆ ಸ್ಪ್ರೇಗಳಲ್ಲಿ ಇರುವ ಪೈರೆಥ್ರಾಯ್ಡ್ ಬಗೆಯ ಔಷಧಿ ಮೀನಿಗೆ ಘೋರ ವಿಷ. ಮನೆಗೆ ಪೆಸ್ಟ್ ಕಂಟ್ರೋಲ್‌ನವರು ಬರುವ ದಿನ ಟ್ಯಾಂಕ್ ಮುಚ್ಚಿ, ಮೇಲೆ ಒದ್ದೆ ಟವೆಲ್ ಹೊದಿಸಿ, ಪಂಪನ್ನು ಬಾಲ್ಕನಿಗೆ ಒಯ್ದು ಉದ್ದ ಪೈಪಿನಲ್ಲಿ ಗಾಳಿ ಕೊಡಿ. ಆಗದಿದ್ದರೆ ಸ್ಪ್ರೇ ಮಾಡುವಷ್ಟು ಹೊತ್ತು ಪಂಪ್ ಬಂದ್ ಮಾಡಿ, ಆಮೇಲೆ ಕಿಟಕಿ ತೆರೆದಿಡಿ.

ಗಿಡಕ್ಕೆ ಬಡತನ ಬೇಡ. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಜಾವಾ ಮಾಸ್, ಅನುಬಿಯಾಸ್, ಯಾವುದು ನಿಮ್ಮ ನೀರಲ್ಲಿ ಬೆಳೆಯುತ್ತದೋ ಅದು. ಒಂದು ತುದಿಯಲ್ಲಿ ನಿಂತ ಮೀನಿಗೆ ಇನ್ನೊಂದು ತುದಿಯ ಮೀನು ಕಾಣಬಾರದು. ಕಾಣದಿದ್ದರೆ ಅಟ್ಟಿಸಿಕೊಂಡು ಹೋಗುವುದೂ ಇಲ್ಲ. ರಸ್ತೆ ಬದಿಯ ಕಾಡುಬಾದಾಮಿ ಮರದಿಂದ ಉದುರಿದ ಒಣ ಎಲೆ ಎರಡು ತೊಳೆದು ಹಾಕಿ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಎಲೆಯ ಕೆಳಗೆ ಸಣ್ಣಪುಟ್ಟ ಜೀವಿಗಳು ಹುಟ್ಟುತ್ತವೆ, ಮೀನು ಅಲ್ಲೇ ಮೂತಿ ತೂರಿಸಿಕೊಂಡಿರುತ್ತದೆ.

ಬಸವನಹುಳು ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಲ್ಲ, ಗಿಡದ ಟ್ಯಾಂಕ್ ಇಟ್ಟಿರುವ ಯಾರನ್ನಾದರೂ ಕೇಳಿ. ಬೊಗಸೆ ತುಂಬ ಕೊಟ್ಟು, "ಇನ್ನೂ ಬೇಕಾ?" ಅನ್ನುತ್ತಾರೆ. ಅವರಿಗೆ ಅದು ಪೀಡೆ. ತೆಳು ಚಿಪ್ಪಿನ ಸಣ್ಣ ಪಾಂಡ್ ಸ್ನೇಲ್, ಚಪ್ಪಟೆ ಸುರುಳಿಯ ರ‍್ಯಾಮ್ಸ್‌ಹಾರ್ನ್, ಎರಡೂ ಒಳ್ಳೆಯವು. ಉದ್ದ ಶಂಕುವಿನಂತಿರುವ ಟ್ರಂಪೆಟ್ ಸ್ನೇಲ್ ಬೇಡ, ಅದರ ಚಿಪ್ಪು ತೀರಾ ಗಟ್ಟಿ. ಕೆರೆ, ಗದ್ದೆಯಿಂದ ಹಿಡಿದು ತರಬೇಡಿ. ರೋಗಾಣು, ಕೀಟನಾಶಕ ಎಲ್ಲ ಜೊತೆಗೆ ಬರುತ್ತದೆ. ಹತ್ತು ಲೀಟರಿನ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಟ್ಯಾಂಕಿನದೇ ನೀರು, ಒಂದಿಷ್ಟು ಹಾರ್ನ್‌ವರ್ಟ್, ಗಾಳಿಯ ಒಂದು ಪೈಪ್. ಚೆನ್ನಾಗಿ ತೊಳೆದು ಬೇಯಿಸಿದ ಸೌತೆಕಾಯಿ ಬಿಲ್ಲೆಯೋ ಪಾಲಕ್ ಎಲೆಯೋ ಹಾಕಿ, ಮಾರನೇ ದಿನ ಉಳಿದದ್ದನ್ನು ತೆಗೆಯಿರಿ. ನೀರು ಹದವಾಗಲಿ ಅಂತ ಕಾಯುವ ಆ ನಾಲ್ಕರಿಂದ ಆರು ವಾರದಲ್ಲಿ ಡಬ್ಬ ಮರಿಗಳಿಂದ ತುಂಬಿರುತ್ತದೆ.

ಪಫರ್‌ನ ಹಲ್ಲು ಒಟ್ಟು ನಾಲ್ಕು, ಕೊಕ್ಕಿನಂತೆ ಕೂಡಿಕೊಂಡಿರುತ್ತವೆ, ಬೆಳೆಯುತ್ತಲೇ ಇರುತ್ತವೆ. ಚಿಪ್ಪು ಕಡಿದರೆ ಸವೆಯುತ್ತವೆ. ದೊಡ್ಡ ಪಫರ್‌ಗಳಿಗೆ ಚಿಪ್ಪು ಸಿಗದಿದ್ದರೆ ಹಲ್ಲು ಬೆಳೆದು ಬಾಯಿ ತೆರೆಯಲಾಗದೆ ಉಪವಾಸ ಬೀಳುತ್ತವೆ. ಆಗ ಲವಂಗದೆಣ್ಣೆಯಲ್ಲಿ ಮತ್ತು ಬರಿಸಿ ಹಲ್ಲು ಕತ್ತರಿಸುತ್ತಾರೆ. ಪೀ ಪಫರ್‌ನಲ್ಲಿ ಈ ತೊಂದರೆ ಕಡಿಮೆ. ವಿಡಿಯೊ ನೋಡಿ ಮನೆಯಲ್ಲಿ ಆ ಸಾಹಸಕ್ಕೆ ಕೈ ಹಾಕಬೇಡಿ.

ಬಸವನಹುಳು ಒಂದೇ ಸಾಲದು. ಹೆಪ್ಪುಗಟ್ಟಿಸಿ ಕ್ಯೂಬ್ ಮಾಡಿ ಮಾರುವ ಸಣ್ಣ ನೀರುಜೀವಿಗಳು ಅಂಗಡಿಯ ಫ್ರೀಜರಿನಲ್ಲಿ ಸಿಗುತ್ತವೆ. ಬ್ಲಡ್ ವರ್ಮ್, ಡಾಫ್ನಿಯಾ, ಆರ್ಟೀಮಿಯಾ ಬದಲಿಸಿ ಬದಲಿಸಿ ಕೊಡಿ. ಒಂದು ಕ್ಯೂಬ್ ಇಷ್ಟು ಚಿಕ್ಕ ಮೀನುಗಳಿಗೆ ಜಾಸ್ತಿ. ಚೂರು ಕತ್ತರಿಸಿ, ಲೋಟದ ನೀರಲ್ಲಿ ಕರಗಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಮೀನಿನ ಮುಂದೆ ಬಿಡಿ. ಉಳಿದದ್ದನ್ನು ಅದೇ ಸಿರಿಂಜಿನಲ್ಲಿ ಎಳೆದು ತೆಗೆಯಿರಿ. ಬದುಕಿರುವ ಟ್ಯುಬಿಫೆಕ್ಸ್ ಎಂಬ ದಾರದಂಥ ಹುಳು ಅನೇಕ ಕಡೆ ಕೊಳಚೆ ನೀರಿನಿಂದ ಬರುತ್ತದೆ, ನನಗೆ ನಂಬಿಕೆ ಇಲ್ಲ. ಹೊಟ್ಟೆ ಸ್ವಲ್ಪ ಗುಂಡಗಾಗುವಷ್ಟು ಸಾಕು. ಇದು ಯಾವತ್ತೂ ಹಸಿದ ಮುಖ ಮಾಡಿಕೊಂಡೇ ಗಾಜಿನ ಬಳಿ ಬರುತ್ತದೆ. ಮೋಸ ಹೋಗಬೇಡಿ.

"ಸೊಳ್ಳೆ ಮರಿ ಹಾಕಬಹುದಲ್ವಾ? ಬಕೆಟ್ಟಲ್ಲಿ ಬೇಕಾದಷ್ಟು ಆಗುತ್ತೆ" ಎಂದರು ಒಬ್ಬ ಮೇಡಂ.

ಮೀನಿಗೆ ಅದು ಹಬ್ಬದೂಟವೇ ಮೇಡಂ. ಆದರೆ ಡೆಂಗಿ ಹರಡುವ ಸೊಳ್ಳೆ ಹುಟ್ಟುವುದೂ ಅದೇ ಬಕೆಟ್ಟಿನ ನಿಂತ ನೀರಲ್ಲೇ. ಒಂದು ವಾರ ಮರೆತರೆ ಸಾಕು, ಮರಿ ಸೊಳ್ಳೆಯಾಗಿ ಅಕ್ಕಪಕ್ಕದವರನ್ನು ಕಚ್ಚುತ್ತದೆ. ಈ ಸಾಕಾಣಿಕೆ ಬೇಡವೇ ಬೇಡ.

ಈಗ ಅಂಗಡಿಗೆ ಹೋಗೋಣ. ಮಾರಾಟಕ್ಕೆ ಬರುವ ಪೀ ಪಫರ್ ಬಹುಪಾಲು ಹೊಳೆಯಿಂದ ಹಿಡಿದವು. ಜೀವಿಗಳ ಅಳಿವು ಉಳಿವಿನ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಇದನ್ನು ಅಪಾಯದ ಅಂಚಿನ ಜಾತಿಗಳ ಸಾಲಿಗೆ ಸೇರಿಸಿದ್ದಾರೆ. ಅಕ್ವೇರಿಯಂಗಾಗಿ ಹಿಡಿಯುವುದೂ ಅದಕ್ಕೆ ಒಂದು ಕಾರಣ. ಮನೆಯಲ್ಲಿ ಮರಿ ಮಾಡಿಸಿದವರು ಗೊತ್ತಿದ್ದರೆ ಅವರಿಂದಲೇ ಕೊಳ್ಳಿ. ಇಲ್ಲವೆಂದರೆ ಇರುವುದರಲ್ಲಿ ಒಳ್ಳೆಯದನ್ನು ಆರಿಸಿ, ಕಡಿಮೆ ತನ್ನಿ, ಪೂರ್ತಿ ಆಯಸ್ಸು ಬಾಳಿಸಿ. ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ ಇರುತ್ತದೆ. ಸತ್ತದ್ದಕ್ಕೆ ಬದಲಿ, ಬದಲಿಗೆ ಬದಲಿ ತರುತ್ತಾ ಹೋಗುವವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಕೊಳ್ಳುವ ಮೀನು ಕಣ್ಣು ಆಡಿಸುತ್ತಿರಬೇಕು, ಹೊಟ್ಟೆ ಒಳಗೆ ಸೇರಿರಬಾರದು. ಅಂಗಡಿಯವರಿಗೆ ಹೇಳಿ ನಿಮ್ಮೆದುರೇ ಬ್ಲಡ್ ವರ್ಮ್ ಹಾಕಿಸಿ, ತಿಂದ ಮೀನನ್ನೇ ಕೊಳ್ಳಿ. ಬಲೆಯಲ್ಲಿ ನೀರಿನಿಂದ ಮೇಲೆತ್ತಲು ಬಿಡಬೇಡಿ. ಹೆದರಿ ಗಾಳಿ ನುಂಗಿ ಉಬ್ಬಿದರೆ ಕೆಲವೊಮ್ಮೆ ಆ ಗಾಳಿ ಹೊರಗೆ ಹೋಗದೆ ಸಾಯುತ್ತದೆ. ಒಂದು ಲೋಟದಲ್ಲಿ ನೀರಿನ ಸಮೇತ ಮೊಗೆದುಕೊಡಲಿ. ಮಕ್ಕಳಿಗೂ ಹೇಳಿ, ಉಬ್ಬುವುದು ಆಟವಲ್ಲ, ಪ್ರಾಣಭಯ. ತಂದ ಮೇಲೆ ಕೆಲವು ವಾರ ಬೇರೆ ಡಬ್ಬದಲ್ಲಿಟ್ಟು ನೋಡಿ. ತಿಂದರೂ ಹೊಟ್ಟೆ ಸೊರಗುತ್ತಿದ್ದರೆ, ಹೇಲು ಬಿಳಿ ದಾರದಂತೆ ಜೋತಾಡುತ್ತಿದ್ದರೆ ಹೊಟ್ಟೆಯಲ್ಲಿ ಹುಳ ಇರಬಹುದು. ಅದಕ್ಕೆ ಔಷಧಿ ಇದೆ. ಆದರೆ ತಾಮ್ರ ಇರುವ ಔಷಧಿ ಈ ಮೀನಿಗೆ ತಡೆಯದು, ಬಸವನಹುಳುವನ್ನಂತೂ ಕೊಂದೇಬಿಡುತ್ತದೆ. ಬಾಟಲಿ ಓದದೆ ಸುರಿಯಬೇಡಿ.

"ಇದು ವಿಷದ ಮೀನು ಅಲ್ವಾ? ಮನೇಲಿ ಮಕ್ಕಳಿದ್ದಾರೆ." ಹಿಂದಿನ ಸಾಲಿನಿಂದ ಬಂದ ಪ್ರಶ್ನೆ.

ಪಫರ್ ಕುಲದ ಅನೇಕ ಮೀನುಗಳ ಈಲಿ, ಅಂಡಾಶಯದಲ್ಲಿ ವಿಷ ಇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಜಪಾನಿನಲ್ಲಿ ಫುಗು ಅಂತ ಪಫರ್ ಮೀನನ್ನೇ ತಿನ್ನುತ್ತಾರೆ, ಅಡುಗೆ ಮಾಡುವವನಿಗೆ ಲೈಸೆನ್ಸ್ ಬೇಕು. ನಮ್ಮದು ಯಾರೂ ತಿನ್ನುವ ಮೀನಲ್ಲ, ತಿನ್ನಲೂಬಾರದು. ನೀರಿಗೆ ಕೈ ಹಾಕಿದರೆ ಏನೂ ಆಗುವುದಿಲ್ಲ, ಯಾವ ಟ್ಯಾಂಕ್ ಮುಟ್ಟಿದರೂ ಸೋಪಿನಲ್ಲಿ ಕೈ ತೊಳೆಯಿರಿ ಅಷ್ಟೇ. ಬೆಕ್ಕಿದ್ದರೆ ಮುಚ್ಚಳ ಭದ್ರವಾಗಿರಲಿ.

ವಾರದ ಕೆಲಸ ದೊಡ್ಡದೇನಲ್ಲ. ಕಾಲು ಭಾಗ ನೀರು ತೆಗೆದು, ಕ್ಲೋರಿನ್ ಕಳೆದ ಹೊಸ ನೀರು ತುಂಬಿ. ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ, ತೆಗೆದ ಹಳೆ ನೀರಲ್ಲೇ ಹಿಂಡಿ. ಆ ನೀರನ್ನು ಕರಿಬೇವಿನ ಕುಂಡಕ್ಕೆ ಹಾಕಿ, ಗಿಡ ಹೇಗೆ ಚಿಗುರುತ್ತದೆ ನೋಡಿ. ಕತ್ತರಿಸಿದ ಗಿಡ, ಹೆಚ್ಚಾದ ಹುಳು, ಬೇಡವಾದ ಮೀನು, ಯಾವುದನ್ನೂ ಕೆರೆಗೆ ಬಿಡಬೇಡಿ. ನಮ್ಮ ಕೆರೆಗಳಲ್ಲಿ ಸಕ್ಕರ್ ಮೀನು ತುಂಬಿರುವುದು ಹೀಗೆ ಬಿಟ್ಟೇ.

ಕೊನೆಯ ಪ್ರಶ್ನೆ ಬಹಳ ಜನ ಕೇಳುವುದು: "ದಸರಾಕ್ಕೆ ಒಂದು ವಾರ ಊರಿಗೆ ಹೋಗಬೇಕು. ಮೀನಿಗೆ ಏನು ಮಾಡೋದು?"

ಹೋಗಿ ಬನ್ನಿ. ಬಲಿತ ಪೀ ಪಫರ್ ಮೂರ‍್ನಾಲ್ಕು ದಿನ ತಿನ್ನದಿದ್ದರೂ ತಡೆಯುತ್ತದೆ. ಒಂದು ವಾರವಾದರೆ ಹೊರಡುವ ದಿನ ಡಬ್ಬದಿಂದ ಎಲ್ಲ ಅಳತೆಯ ಬಸವನಹುಳು ಒಂದು ಹಿಡಿ ಟ್ಯಾಂಕಿಗೆ ಬಿಡಿ. ಸಣ್ಣವು ಮೊದಲು ಖಾಲಿಯಾಗುತ್ತವೆ, ದೊಡ್ಡವು ಮೊಟ್ಟೆ ಇಡುತ್ತಿರುತ್ತವೆ. ಪಕ್ಕದ ಮನೆಯವರಿಗೆ ಕೀ ಕೊಡಿ, ಬ್ಲಡ್ ವರ್ಮ್ ಮಾತ್ರ ಕೊಡಬೇಡಿ. ಪ್ರೀತಿಯಿಂದ ದಿನಕ್ಕೊಂದು ಕ್ಯೂಬ್ ಹಾಕಿ ನೀರು ಕೆಡಿಸಿಬಿಡುತ್ತಾರೆ. ಕರೆಂಟ್ ಹೋಗಿ ಬಂದ ಮೇಲೆ ಪಂಪ್ ಓಡುತ್ತಿದೆಯಾ, ಅಷ್ಟು ನೋಡಿ ಒಂದು ಮೆಸೇಜ್ ಹಾಕಿದರೆ ಸಾಕು.